ಟ್ರಂಕು, ಕಂಪನಿ ಕಪಾಟು, ಗೋಕುಲ ರೋಡಿನ ಕಪಾಟು

ಹುಬ್ಬಳ್ಳಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ತಗಡಿನ ಶೆಡ್ ಇದೆ. ನೆಲಕ್ಕೆ ಶಹಾಬಾದ್ ಫರಸಿ ಕಲ್ಲು. ರವಿವಾರ ನಾನು ಸಿಗೋದು ಅಲ್ಲೇ. ಹಳೇ ಸ್ಕೂಟರ್ ಬಿಚ್ಚುತ್ತೇನೆ, ಒಮ್ಮೊಮ್ಮೆ ಸ್ಟೂಲು, ಮಣೆ ಮಾಡುತ್ತೇನೆ. ಈ ಕೆಲಸದ ಸಾಮಾನೆಲ್ಲ 12 ವರ್ಷ ಅಪ್ಪನ ಟ್ರಂಕಿನಲ್ಲಿ ಇದ್ದವು. 13ರ ಪಾನಾ (ಸ್ಪ್ಯಾನರ್) ಬೇಕಾದರೆ ಅರ್ಧ ಟ್ರಂಕು ಫರಸಿ ಮೇಲೆ ಸುರಿಯಬೇಕು. ಅದು ಯಾವಾಗಲೂ ತಳದಲ್ಲೇ ಇರುತ್ತಿತ್ತು. ಮಳೆಗಾಲ ಬಂದರೆ ತಳದ ಸಾಮಾನಿಗೆಲ್ಲ ಜಂಗು (ತುಕ್ಕು).

ಮೊದಲು ತಂದದ್ದು ಒಂದರ ಮೇಲೊಂದು ಕೂರುವ ಗಾಲಿಯ ಪ್ಲಾಸ್ಟಿಕ್ ಡಬ್ಬಿಗಳು. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹೊರಗೆ ಕೆಲಸಕ್ಕೆ ಹೋಗೋರಿಗೆ ಅನುಕೂಲ. ಮನೆಯಲ್ಲಿ ಅದು ಟ್ರಂಕಿನ ತಮ್ಮ ಅಷ್ಟೇ: ಕೆಳಗಿನ ಡಬ್ಬಿ ಬೇಕು ಅಂದ್ರೆ ಮೇಲಿನ ಎರಡನ್ನೂ ಇಳಿಸಬೇಕು.

ಆಮೇಲೆ ನನ್ನ ಹೆಂಡತಿಯ ತಮ್ಮನಿಗೆ ಬೇರೆ ಊರಿಗೆ ವರ್ಗ ಆಯಿತು. ತನ್ನ 7 ಖಾನೆಯ ಕಂಪನಿ ಕಪಾಟನ್ನು, ಅಂದ್ರೆ ರೆಡಿಮೇಡ್ ಸಿಗುವ ಗಾಲಿಯ ಟೂಲ್ ಕಪಾಟನ್ನು, ನಮ್ಮ ಶೆಡ್ಡಿನಲ್ಲಿ ಬಿಟ್ಟು ಹೋದ. 8 ತಿಂಗಳು ಅದನ್ನೇ ಬಳಸಿದೆ. ಖಾನೆಗಳು ಬೇರಿಂಗ್ ಚಾನೆಲ್ (ಒಳಗೆ ಗುಂಡು ಇರುವ ಜಾರುಪಟ್ಟಿ) ಮೇಲೆ ಓಡುತ್ತವೆ, ಒಂದು ಬೆರಳು ಸಾಕು. ಪೂರ್ತಿ ಹೊರಗೆ ಬರುತ್ತವೆ, ಹಿಂದಿನ ಮೂಲೆಯ ಬೋಲ್ಟ್ ಬಿಚ್ಚುವ ಸಾಕೆಟ್ಟೂ ಕಾಣುತ್ತದೆ. ಒಂದು ಖಾನೆ ತೆಗೆದಿದ್ದರೆ ಇನ್ನೊಂದು ತೆರೆಯೋದಿಲ್ಲ. ಮೊದಮೊದಲು ಇದೇನು ಕಿರಿಕಿರಿ ಅಂತ ಬೈದುಕೊಂಡಿದ್ದೆ. ಅದು ಯಾಕೆ ಇದೆ ಅಂತ ಆಮೇಲೆ ಗೊತ್ತಾಯಿತು.

ತೊಂದರೆ ಎರಡು. 5 ಖಾನೆ ಬರೀ 2 ಇಂಚು ಆಳ. ಪಾನಾ, ಸ್ಕ್ರೂ ಡ್ರೈವರಿಗೆ ಸರಿ. ಡ್ರಿಲ್ ಮಷಿನ್, ರಂಧಾ (ಮರ ಹೆರೆಯುವ ಸಾಮಾನು) ಇಡೋಕೆ ಜಾಗ ಇಲ್ಲ. ಖಾನೆ ಎಷ್ಟಿವೆ ಅಂತ ಎಣಿಸಿ ತಗೋಬೇಡಿ, ಆಳ ಅಳೆದು ತಗೊಳ್ಳಿ. ಇನ್ನೊಂದು, ಗಾಲಿ. ನುಣುಪು ಟೈಲ್ಸ್ ಮೇಲೆ ಚೆನ್ನಾಗಿ ಓಡಬಹುದು. ನಮ್ಮ ಫರಸಿಯ ಸಂದಿ ಸಿಕ್ಕಿತೋ, ಎತ್ತಿನ ಗಾಡಿ ಹೂತ ಹಾಗೆ ನಿಂತು ಬಿಡುತ್ತದೆ. ಜೋರಾಗಿ ತಳ್ಳಿದರೆ ಕಪಾಟು ಮುಂದಕ್ಕೆ ಮುಗ್ಗರಿಸುತ್ತದೆ.

ಹೆಂಡತಿಯ ತಮ್ಮ ಬಂದು ಕಪಾಟು ಒಯ್ದ ಮೇಲೆ ಗೋಕುಲ ರೋಡಿನ ಒಬ್ಬ ಫ್ಯಾಬ್ರಿಕೇಷನ್‌ನವರ ಹತ್ತಿರ ಹೋದೆ. ನನಗೆ ಬೇಕಾದ್ದನ್ನು ರಟ್ಟಿನ ಮೇಲೆ ಬರೆದು ಒಯ್ದಿದ್ದೆ: 3 ಅಡಿ ಅಗಲ, 3 ಅಡಿ ಎತ್ತರ, 20 ಇಂಚು ಆಳ. 3 ಇಂಚಿನ ಖಾನೆ ಮೂರು, 5 ಇಂಚಿನವು ಎರಡು, ಕೆಳಗೆ 10 ಇಂಚಿನದು ಒಂದು. ತಗಡು 20 ಗೇಜ್ ಸಾಕಲ್ವಾ ಅಂದೆ. ಗೇಜ್ ಅಂದ್ರೆ ತಗಡಿನ ದಪ್ಪದ ಅಳತೆ, ನಂಬರ್ ಕಡಿಮೆ ಆದಷ್ಟೂ ತಗಡು ದಪ್ಪ.

"ಸಾಕ್ರಿ ಸರ, ಅರಿವಿ (ಬಟ್ಟೆ) ಇಡೂದಿದ್ರ," ಅಂದರು. "ಕಬ್ಬಿಣ ಇಡೂದಿದ್ರ 18 ಹಾಕ್ರಿ."

18 ಗೇಜ್ ಅಂದ್ರೆ ಸುಮಾರು 1.2 ಮಿಲಿಮೀಟರ್. ಒಂದು ಚದರ ಮೀಟರಿಗೆ 9 ಕೆಜಿ ಮೇಲೆ ತೂಕ. ಖಾಲಿ ಕಪಾಟು ಇಳಿಸೋಕೇ ನಾಲ್ಕು ಜನ ಬೇಕಾಯಿತು. ಕಂಪನಿ ಕಪಾಟಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿದರೆ ತಗಡು ಟಕ್ ಅಂತ ಒಳಗೆ ಹೋಗಿ ಬರುತ್ತಿತ್ತು. ಇದನ್ನು ಒತ್ತಿದರೆ ನೋಯೋದು ಹೆಬ್ಬೆರಳೇ. ದುಡ್ಡೂ ಕಂಪನಿಯದಕ್ಕಿಂತ ಕಡಿಮೆ ಆಯಿತು.

ಆದರೆ ನಾನೂ ಅವರೂ ಸೇರಿ ಮಾಡಿದ ತಪ್ಪುಗಳಿವೆ. 3 ಅಡಿ ಅಗಲದ ಖಾನೆಯನ್ನು ಒಂದು ತುದಿ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ನಡುವೆ ಹಿಡಿದೇ ಎಳೆಯಬೇಕು. ಅಗಲ ಎರಡೂವರೆ ಅಡಿ ಸಾಕಿತ್ತು. ಬಣ್ಣ ರೆಡ್ ಆಕ್ಸೈಡ್ ಮೇಲೆ ಎನಾಮಲ್. ಕಾರ್ಬೊರೇಟರ್ ತೊಳೆಯುವಾಗ ಪೆಟ್ರೋಲ್ ಚೆಲ್ಲಿದ ಕಡೆ ಮೆತ್ತಗಾಗಿ ಎದ್ದು ಬಂತು. ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಕಾಯಿಸೋದು) ಮಾಡಿಸಬೇಕಿತ್ತು, ಸುಮ್ನೆ ಉಳಿತಾಯ ನೋಡಿದೆ.

ದೊಡ್ಡ ತಪ್ಪು, ಒಂದು ಸಲಕ್ಕೆ ಒಂದೇ ಖಾನೆ ತೆರೆಯುವ ಆ "ಕಿರಿಕಿರಿ" ಬೇಡ ಅಂದದ್ದು. ಹೊಸದರಲ್ಲಿ ಕೆಳಗಿನ ಖಾನೆ ಖಾಲಿ, ಮೇಲಿನವು ಭರ್ತಿ. ಒಂದು ದಿನ ಏನೋ ಹುಡುಕುತ್ತಾ ಮೇಲಿನ ಎರಡು ಖಾನೆ ಒಟ್ಟಿಗೆ ಎಳೆದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನ ಗಾಲಿ ನೆಲ ಬಿಟ್ಟವು. ಮೊಣಕಾಲು ಕೊಟ್ಟು ತಡೆದೆ. ಹೆಂಡತಿಯನ್ನು ಕೂಗಿ ಕರೆದು, ಅವಳು ಒಂದೊಂದೇ ಖಾನೆ ಒಳಗೆ ತಳ್ಳಿದ ಮೇಲೆ ಉಸಿರು ಬಂತು.

ಬಾಡಿಗೆ ಮನೆ, ಟೈಲ್ಸ್ ನೆಲ, ಆಗಾಗ ಸಾಗಿಸೋದು ಇದ್ದರೆ ಕಂಪನಿಯದನ್ನೇ ತಗೊಳ್ಳಿ ಅಂತೀನಿ. ಸ್ವಂತ ಶೆಡ್ ಇದ್ದು ಭಾರದ ಸಾಮಾನು ಇದ್ದರೆ ಮಾಡಿಸಿದ್ದು ಚೆನ್ನ, ಚಾನೆಲ್ ಮಾತ್ರ ಒಳ್ಳೇ ಬೇರಿಂಗಿನದೇ ಹಾಕಿಸಿ. ಜೋಡಿಗೆ 45 ಕೆಜಿ ತಡೆಯುವಂಥವು ಸಿಗುತ್ತವೆ. ನಮ್ಮ ಕಪಾಟನ್ನು ಈಗ ಎರಡು ಬೋಲ್ಟ್ ಹೊಡೆದು ಗೋಡೆಗೆ ಬಿಗಿದಿದ್ದೇನೆ. ಹಟ ಮಾಡಿ ಹಾಕಿಸಿದ್ದ 5 ಇಂಚಿನ ಗಾಲಿಗಳನ್ನು ಬಿಚ್ಚಿ ಅಪ್ಪನ ಟ್ರಂಕಿಗೆ ಕೂರಿಸಿದೆ. ಫರಸಿ ಸಂದಿ ದಾಟಿ ಚೆನ್ನಾಗಿ ಓಡುತ್ತಿದೆ.