ಗುರುತು ಹಾಕಬೇಕಾ, ಚೆಕ್‌ಲಿಸ್ಟ್ ಮಾಡಬೇಕಾ?

ಕೆಲಸದ ಜಾಗವನ್ನು ಒಂದು ದಿನ ಒಪ್ಪ ಮಾಡುವುದು ಸುಲಭ. ಅದು ಹಾಗೇ ಉಳಿಯುವುದೇ ಕಷ್ಟ, ಅಲ್ವಾ? ಜಪಾನಿನ ಕಾರ್ಖಾನೆಗಳಿಂದ ಬಂದ 5ಎಸ್ (ಕೆಲಸದ ಜಾಗವನ್ನು ಐದು ಹೆಜ್ಜೆಯಲ್ಲಿ ಒಪ್ಪವಾಗಿಡುವ ಕ್ರಮ) ಪದ್ಧತಿಯ ಕೊನೆಯ ಎರಡು ಹೆಜ್ಜೆ ಇರುವುದು ಇದಕ್ಕೇ: ಎಲ್ಲರಿಗೂ ಒಂದೇ ಕ್ರಮ, ಆಮೇಲೆ ಅದರ ರೂಢಿ. ಜಾಸ್ತಿ ಬಳಕೆಯಲ್ಲಿರುವ ಸಾಧನ ಎರಡು.

ಒಂದು, ಕಣ್ಣಿಗೆ ಕಾಣುವ ಗುರುತು. ಉಪಕರಣ ನೇತುಹಾಕುವ ಹಲಗೆಯ ಮೇಲೆ ಪ್ರತಿ ಸ್ಪ್ಯಾನರ್‌ನ ಆಕಾರ ಬರೆದಿರುತ್ತಾರೆ. ಒಂದು ವಾಪಸ್ ಬರದಿದ್ದರೆ ಖಾಲಿ ಆಕಾರ ಎದ್ದು ಕಾಣುತ್ತದೆ. ನೆಲದ ಮೇಲಿನ ಬಣ್ಣದ ಟೇಪ್, ಕಪಾಟಿನಲ್ಲಿ ಕನಿಷ್ಠ-ಗರಿಷ್ಠ ಗೆರೆ ಕೂಡ ಇದೇ ಜಾತಿ. ಹೊಸಬರು ಯಾರನ್ನೂ ಕೇಳದೆ ಸರಿಯಾದ ಜಾಗದಲ್ಲಿ ಇಡಬಹುದು. ಆದರೆ ಯಂತ್ರ ಸರಿಸಿದ ದಿನವೇ ಟೇಪ್ ಕೂಡ ಬದಲಾಗಬೇಕು. ಸುಳ್ಳು ಗುರುತು ಒಂದು ಉಳಿದರೂ ಜನ ಉಳಿದವನ್ನೂ ನಂಬುವುದಿಲ್ಲ.

ಇನ್ನೊಂದು, ಚೆಕ್‌ಲಿಸ್ಟ್. ಅದು ಹಿಡಿಯುವುದು ವಸ್ತುವನ್ನಲ್ಲ, ಕೆಲಸವನ್ನು. ಎಣ್ಣೆ ಹಾಕಿದ್ದಾಯಿತಾ, ಫಿಲ್ಟರ್ ತೊಳೆದರಾ ಅನ್ನುವುದು ದೂರದಿಂದ ಕಾಣುವುದಿಲ್ಲ. ಪಟ್ಟಿ ಉದ್ದವಾದರೆ ಮಾತ್ರ ಸುಮ್ನೆ ಟಿಕ್ ಬೀಳುತ್ತದೆ.

ವಸ್ತು ಹುಡುಕುವುದರಲ್ಲೇ ಹೊತ್ತು ಹೋಗುತ್ತಿದ್ದರೆ ಗುರುತಿನಿಂದ ಶುರು ಮಾಡಿ. ಕೆಲಸ ಮರೆತುಹೋಗುತ್ತಿದ್ದರೆ ಪಟ್ಟಿ. ಎರಡೂ ತೊಂದರೆ ಇದ್ದರೆ ನನ್ನ ಮತ ಮೊದಲು ಗುರುತಿಗೆ, ಏಕೆಂದರೆ ಆಗ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಯಾವುದನ್ನೇ ಆರಿಸಿ, ಪಾಳಿ ಮುಗಿಯುವ ಮುಂಚಿನ ಐದು ನಿಮಿಷವನ್ನು ಅದಕ್ಕೇ ಮೀಸಲಿಡಿ. ಮೇಲ್ವಿಚಾರಕರೂ ಆ ಐದು ನಿಮಿಷ ಜೊತೆಗೆ ಕೈಹಾಕಲಿ.