ಗಂಟಲಮಾರಿ ಆದಮೇಲೆ ಮೂಗಿಗೆ ಬರುವ ನೀರು: ಗಟ್ಟಿ ಮಾಡುವ ಪುಡಿ ಕೊಳ್ಳಬಹುದಾ?

ಕುಡಿಯುವ ನೀರು, ಹಾಲನ್ನು ಗಟ್ಟಿ ಮಾಡುವ ಈ ಪುಡಿ ಕೊಳ್ಳಬಹುದು. ಆದರೆ ಯಾವ ಹಂತದಲ್ಲಿ ಅನ್ನೋದು ಮುಖ್ಯ.

ಗಂಟಲಮಾರಿ, ಅಂದರೆ ಡಿಫ್ತೀರಿಯಾ, ವಾಸಿಯಾಯಿತು ಅಂದುಕೊಳ್ಳುವ ಹೊತ್ತಿಗೆ, ಸಾಮಾನ್ಯವಾಗಿ ಎರಡು–ಮೂರನೇ ವಾರದಲ್ಲಿ, ಮಗುವಿನ ಮಾತು ಮೂಗಿನಲ್ಲಿ ಬರತೊಡಗುತ್ತದೆ, ಕುಡಿದ ನೀರು ಮೂಗಿನಿಂದ ಆಚೆ ಬರುತ್ತದೆ. ರೋಗಾಣುವಿನ ವಿಷ ನರದ ಹೊದಿಕೆಯನ್ನು ಕೆಡಿಸಿ ಮೆದು ಅಂಗುಳದ (ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆ ಭಾಗ) ಶಕ್ತಿ ತೆಗೆದಿರುತ್ತದೆ. ಎ.ಡಿ.ಎಸ್. (ಡಿಫ್ತೀರಿಯಾ ವಿಷಕ್ಕೆ ಪ್ರತಿಯಾಗಿ ಕೊಡುವ ಸೀರಮ್) ಇಂಜೆಕ್ಷನ್ ರಕ್ತದಲ್ಲಿರುವ ವಿಷವನ್ನು ತಡೆಯುತ್ತದೆಯೇ ಹೊರತು ನರಕ್ಕೆ ಹಿಡಿದದ್ದನ್ನು ಬಿಡಿಸುವುದಿಲ್ಲ. ನರ ತಾನಾಗಿ ಚೇತರಿಸಿಕೊಳ್ಳುವವರೆಗೆ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಸುರಕ್ಷಿತವಾಗಿ ಹೊಟ್ಟೆ ತುಂಬಿಸಬೇಕು. ದ್ರವ ಗಟ್ಟಿಯಾದರೆ ನಿಧಾನವಾಗಿ ಇಳಿಯುತ್ತದೆ; ಈ ಪುಡಿಯ ಕೆಲಸ ಅಷ್ಟೇ.

ಡಬ್ಬದ ಮೇಲೆ ಕ್ಸಾಂಥಾನ್ ಗಮ್ (ದ್ರವ ಗಟ್ಟಿ ಮಾಡುವ ಒಂದು ಬಗೆಯ ಅಂಟು) ಅಂತ ಇರೋದನ್ನೇ ತಗೊಳ್ಳಿ. ಪಿಷ್ಟದ ಪುಡಿ ಅಗ್ಗ. ಆದರೆ ಜೊಲ್ಲು ತಾಗಿದರೆ ನೀರಾಗುತ್ತದೆ, ಲೋಟದಲ್ಲೇ ಬಿಟ್ಟರೆ ಗಟ್ಟಿಯಾಗುತ್ತಾ ಹೋಗುತ್ತದೆ. ಮಂಡ್ಯದ ಮನೆಗಳಲ್ಲಿ ರಾಗಿ ಗಂಜಿ ಸಾಕಲ್ಲ ಅಂತಾರೆ. ಆಹಾರವಾಗಿ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟದ್ದೇ ತೊಂದರೆ, ಜೊತೆಗೆ ಗಂಟು.

ಪುಡಿಯನ್ನು ಒಣ ಲೋಟಕ್ಕೆ ಹಾಕಿ, ಮೇಲೆ ನೀರು ಸುರಿದು ಕೂಡಲೇ ಕದಡಬೇಕು. ಅಳತೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಚಮಚ ಅದಲುಬದಲು ಮಾಡಬೇಡಿ. ಹಾಲು ಗಟ್ಟಿಯಾಗಲು ನಿಧಾನ; ಆಗಲಿಲ್ಲ ಅಂತ ಇನ್ನೊಂದು ಚಮಚ ಹಾಕಿದರೆ ಆಮೇಲೆ ಅಂಟಂಟು. ಹದ ನೋಡಲು 10 ಮಿಲಿ ಸಿರಿಂಜ್ ಸಾಕು. 0ದಿಂದ 10ರ ಗೆರೆವರೆಗಿನ ಉದ್ದ 61.5 ಮಿ.ಮೀ. ಇರಬೇಕು. ಒತ್ತುವ ದಂಡ ತೆಗೆದು, ತುದಿಗೆ ಬೆರಳಿಟ್ಟು ಪೂರ್ತಿ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಹರಿಯಲು ಬಿಡಿ. 1ರಿಂದ 4 ಮಿಲಿ ಉಳಿದರೆ ಮೊದಲ ಹದ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಹರಿದರೆ ಮೂರನೆಯದು. ಯಾರಿಗೆ ಯಾವ ಹದ ಅನ್ನೋದನ್ನು ನುಂಗುವಿಕೆ ಪರೀಕ್ಷಿಸುವವರು ಹೇಳಬೇಕು. ಮೈಸೂರಿನಲ್ಲಿ ಅದಕ್ಕೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ.

ಕೊರತೆಗಳೂ ಇವೆ. ರುಚಿ ಸಪ್ಪೆ, ಮಕ್ಕಳು ಕಡಿಮೆ ಕುಡಿಯುತ್ತಾರೆ, ಹಾಗಾಗಿ ಮೂತ್ರದ ಬಣ್ಣ ಗಮನಿಸಿ. ಮಾತ್ರೆಯನ್ನು ಇದರಲ್ಲಿ ಕೊಟ್ಟರೆ ಕರಗುವುದು ತಡವಾಗಬಹುದು. ಒಂದು ವರ್ಷದೊಳಗಿನ ಕೂಸಿಗೆ ವೈದ್ಯರು ಹೇಳದೆ ಬೇಡ.

ಅಂಗುಳವಷ್ಟೇ ಸೋತಿದ್ದು ಕೆಮ್ಮು ಗಟ್ಟಿಯಿದ್ದರೆ ಮಾತ್ರ ಪುಡಿ. ಕೆಮ್ಮು ಕ್ಷೀಣಿಸಿ, ಕುಡಿದ ಮೇಲೆ ದನಿ ಗೊರಗೊರ ಅಂದರೆ ಗಟ್ಟಿ ದ್ರವವೇ ಗಂಟಲಲ್ಲಿ ನಿಂತು ಶ್ವಾಸನಾಳಕ್ಕೆ ಇಳಿಯುತ್ತದೆ. ಆಗ ಬಾಯಿಂದ ಏನೂ ಕೊಡದೆ ಆಸ್ಪತ್ರೆಗೆ ಒಯ್ದು ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಆಹಾರದ ಕೊಳವೆ) ಹಾಕಿಸಬೇಕು. ಕೈಕಾಲಿನ ಸೋಲು ಇನ್ನೂ ತಡವಾಗಿ ಬರಬಹುದು, ಉಸಿರಾಟದ ಸ್ನಾಯುವೂ ಸೋಲಬಹುದು. ಎಣಿಸಬಲ್ಲ ಮಗುವಿನಿಂದ ದಿನಾ ಒಂದೇ ಉಸಿರಿಗೆ ಎಣಿಸಿ ಹೇಳಿಸಿ. ಸಂಖ್ಯೆ ನಿನ್ನೆಗಿಂತ ಇಳಿದರೆ, ತಲೆ ಎತ್ತಲು ಆಗದಿದ್ದರೆ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.