ಕಾಲು ಕಿಲೋ ಪ್ಲೇಟುಗಳ ಸೆಟ್: ಯಾರಿಗೆ ಬೇಕು, ಯಾರಿಗೆ ಬೇಡ

ಓವರ್‌ಹೆಡ್ ಪ್ರೆಸ್ (ಬಾರ್ ಅನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವ ವ್ಯಾಯಾಮ) 40 ಕಿಲೋದಲ್ಲೇ ವಾರಗಟ್ಟಲೆ ನಿಂತುಹೋಗಿದೆಯೇ? ಮೊದಲು ಪ್ಲೇಟುಗಳ ಲೆಕ್ಕ ನೋಡಿ. ಹೆಚ್ಚಿನ ಜಿಮ್‌ಗಳಲ್ಲಿ ಅತಿ ಚಿಕ್ಕ ಪ್ಲೇಟ್ 1.25 ಕಿಲೋ, ಎರಡೂ ಬದಿಗೆ ಹಾಕಿದರೆ ಒಮ್ಮೆಗೇ 2.5 ಕಿಲೋ ಏರುತ್ತದೆ. 100 ಕಿಲೋ ಸ್ಕ್ವಾಟ್‌ಗೆ (ಭಾರ ಹೊತ್ತು ಕುಳಿತೇಳುವುದು) ಅದು ಶೇ. 2.5. ಈ ಪ್ರೆಸ್‌ಗೆ ಶೇ. 6.25! ಭುಜದಂಥ ಸಣ್ಣ ಸ್ನಾಯುಗಳಿಗೆ ಇದು ದೊಡ್ಡ ನೆಗೆತ.

0.25, 0.5, 0.75, 1 ಕಿಲೋ ಜೋಡಿಗಳ ಸೆಟ್ ಇದ್ದರೆ ಅರ್ಧರ್ಧ ಕಿಲೋ ಏರಿಸಬಹುದು. ಐದೈದು ರೆಪ್‌ಗಳ (ಒಂದು ಸಲ ಎತ್ತಿದರೆ ಒಂದು ರೆಪ್) ಮೂರು ಸುತ್ತು ಪೂರ್ತಿಯಾದರೆ ಮಾತ್ರ ಮುಂದಿನ ಸಲ ಅರ್ಧ ಕಿಲೋ ಸೇರಿಸಿ. ಸತತ ಎರಡು ಸಲ ತಪ್ಪಿದರೆ ಶೇ. 10 ಇಳಿಸಿ ಮತ್ತೆ ಹತ್ತಿ.

ಕೊಳ್ಳುವಾಗ ರಂಧ್ರದ ಅಳತೆ ನೋಡಲೇಬೇಕು: ಜಿಮ್‌ಗಳಲ್ಲಿರುವ ಒಲಿಂಪಿಕ್ ಬಾರ್‌ನ ತುದಿ 50 ಮಿ.ಮೀ., ಅದಕ್ಕೆ ಹೊಂದುವ ಪ್ಲೇಟುಗಳು ಮನೆಯ ತೆಳು ರಾಡ್‌ಗೆ ಸಡಿಲ. ಮನೆಗೆ ತಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಇನ್ನೊಂದು, ಬಹಳ ಜನ ಮರೆಯುವ ವಿಷಯ: ದೊಡ್ಡ ಪ್ಲೇಟುಗಳ ತೂಕದಲ್ಲೇ ನೂರಾರು ಗ್ರಾಂ ವ್ಯತ್ಯಾಸವಿರಬಹುದು. ಪ್ರತಿ ಸಲ ಅವೇ ಪ್ಲೇಟುಗಳನ್ನು ಬಳಸದಿದ್ದರೆ ಕಾಲು ಕಿಲೋಗೆ ಅರ್ಥವೇ ಇಲ್ಲ.

ನೆಲದಿಂದ ದೊಡ್ಡ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ಈ ಚಿಕ್ಕ ಪ್ಲೇಟುಗಳು ಸಾಮಾನ್ಯವಾಗಿ ಅನಗತ್ಯ. ನಿದ್ದೆ, ಊಟ ಸಾಲದೆ ನಿಂತಿರುವ ತೂಕವನ್ನು ಯಾವ ಪ್ಲೇಟೂ ಎತ್ತಿಸದು.